ಹನ್ನೆರಡನೇ ತಾರೀಖಿನ ಹಾಳೆ

ತುರ್ದಾಕುನ್‌ಗೆ ಶಾಲೆಯ ಹೆಡ್‌ಮಾಸ್ಟರ್ ಜೊಲ್ಚುಬೆಕ್‌ನನ್ನು ಕಂಡರೆ ಆಗುತ್ತಿರಲಿಲ್ಲ. ಜೊಲ್ಚುಬೆಕ್‌ಗೂ ಅಷ್ಟೇ. ಇಪ್ಪತ್ತು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿದರೂ ಇಬ್ಬರೂ ಒಂದು ದಿನ ಕೂತು ಚಹಾ ಕುಡಿದವರಲ್ಲ.

ತುರ್ದಾಕುನ್ ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು. ಓದಿದ್ದು ನಾಲ್ಕನೇ ಕ್ಲಾಸು. ಬೆಳಿಗ್ಗೆ ಬೆಂಕಿ ಹೊತ್ತಿಸಿ, ಕೈ ತೊಳೆದು, ಗೋಡೆಯ ಕ್ಯಾಲೆಂಡರಿನಿಂದ ಅಂದಿನ ಹಾಳೆ ಹರಿಯುತ್ತಿದ್ದ. ಆ ತಾರೀಖಿನಲ್ಲಿ ಹಿಂದೆ ಜಗತ್ತಿನಲ್ಲಿ ಏನೇನು ನಡೆದಿತ್ತು ಎಂದು ಹಾಳೆಯ ಹಿಂದೆ ಅಚ್ಚಾಗಿರುತ್ತಿತ್ತು. ಅದನ್ನು ಮಕ್ಕಳ ಸಾಲಿನ ಮುಂದೆ ಓದುವವನೂ ಅವನೇ. ಹೆಡ್‌ಮಾಸ್ಟರ್ ದನಿ ಮೂರನೇ ಸಾಲಿಗೆ ಮುಟ್ಟುತ್ತಿರಲಿಲ್ಲ. ತುರ್ದಾಕುನ್‌ದು ಬೆಟ್ಟದಾಚೆಯ ಕುರಿ ಕರೆಯುವ ಗಂಟಲು.

ವರ್ಷದಲ್ಲಿ ಒಂದು ಹಾಳೆ ಮಾತ್ರ ಅವನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಏಪ್ರಿಲ್ ಹನ್ನೆರಡು.

ಅವನಿಗೆ ಆರು ವರ್ಷವಿದ್ದಾಗ, ಅದೇ ದಿನ ಮಧ್ಯಾಹ್ನ, ಮನುಷ್ಯ ಮೊದಲ ಸಲ ಆಕಾಶದಾಚೆ ಹೋಗಿ ಬಂದನೆಂದು ರೇಡಿಯೋ ಕೂಗಿತು. ಊರೆಲ್ಲ ಕ್ಲಬ್ಬಿನ ಮುಂದೆ ಸೇರಿತು. ಅದೇ ಹೊತ್ತಿಗೆ ಒಬ್ಬ ಕುರುಬ ಘಾಟಿಯಿಂದ ತೆವಳುತ್ತಾ ಬಂದ. ಹಿಮ ಕುಸಿದಿದೆ, ಕೊಟ್ಟಿಗೆಯೊಳಗೆ ನಾಲ್ಕು ಜನ ಸಿಕ್ಕಿಕೊಂಡಿದ್ದಾರೆ, ಇನ್ನೂ ಕೂಗುತ್ತಿದ್ದಾರೆ ಎಂದ. ಆ ನಾಲ್ವರಲ್ಲಿ ತುರ್ದಾಕುನ್‌ನ ಅಪ್ಪ ಅಲಿಮ್‌ಕುಲ್ ಒಬ್ಬ. ಅಮ್ಮ ಬುಬುಶ್ ಓಡಿಹೋಗಿ ಊರಿನ ಸಾಮೂಹಿಕ ಫಾರ್ಮಿನ ಅಧ್ಯಕ್ಷ ಓರೊಜ್‌ನ ಕಾಲು ಹಿಡಿದಳು. ಹನ್ನೆರಡು ಕುದುರೆಗಳು ಮೆರವಣಿಗೆಗೆಂದು ಕೆಂಪು ಬಟ್ಟೆ ಕಟ್ಟಿಸಿಕೊಂಡು ನಿಂತಿದ್ದವು. "ಸಭೆ ಮುಗೀಲಿ" ಎಂದ ಓರೊಜ್. ಸಭೆ ಮುಗಿಯುವಷ್ಟರಲ್ಲಿ ಮತ್ತೆ ಹಿಮ ಸುರಿದು ದಾರಿ ಮುಚ್ಚಿತು. ಹೆಣ ತಂದದ್ದು ಹದಿನಾಲ್ಕಕ್ಕೆ. ಓರೊಜ್ ಸಂಭ್ರಮದ ದಿನಕ್ಕೆ ಮಸಿ ತಾಗದಂತೆ ನಾಲ್ವರ ಸಾವಿನ ತಾರೀಖೂ ಅದೇ ಎಂದು ಬರೆಸಿದ. ಗೋರಿಕಲ್ಲಿನ ಮೇಲೂ ಅದೇ ಕೂತಿತು.

ಆ ಓರೊಜ್‌ನ ಮಗನೇ ಜೊಲ್ಚುಬೆಕ್.

ಬುಬುಶ್ ಮಾತ್ರ ಪ್ರತಿ ವರ್ಷ ಹನ್ನೆರಡಕ್ಕೇ ಎಣ್ಣೆ ಕಾಯಿಸಿ ಬೋರ್ಸೋಕ್ ಕರಿಯುತ್ತಿದ್ದಳು. ಹಿಟ್ಟು ಕರಿದ ಆ ವಾಸನೆಯೇ ಸತ್ತವರಿಗೆ ಊಟ. ಪಕ್ಕದ ಮನೆಯ ಸೊಸೆ ಗೋಡೆಯಾಚೆಯಿಂದ ಕೊಂಕು ನುಡಿಯುತ್ತಿದ್ದಳು:

"ಏನಜ್ಜೀ, ಎರಡು ದಿನ ಮುಂಚೆನೇ ಕರೀತಿದೀಯ? ನಿನ್ನ ಗಂಡಂಗೆ ಅಷ್ಟು ಹಸಿವಾ?"

"ಹಸಿದು ಎದ್ದು ಬಂದ್ರೆ ನಿಮ್ಮನೆಗೇ ಕಳಿಸ್ತೀನಿ ಕಣೇ. ನಿಮ್ಮ ಮಾವನೂ ಅವತ್ತು ಕುದುರೆ ಮೇಲೆ ಕೂತು ಚಪ್ಪಾಳೆ ತಟ್ಟಿದವ್ನೇ."

ಮೂವತ್ತೈದು ವರ್ಷ ಹೀಗೇ ಹೋಯಿತು. ಈ ಚಳಿಗಾಲದಲ್ಲಿ ಬುಬುಶ್ ಹಾಸಿಗೆ ಹಿಡಿದಳು. ಹನ್ನೆರಡರ ಬೆಳಿಗ್ಗೆ ಮಗನ ತೋಳು ಹಿಡಿದಳು.

"ಆ ಹಾಳೇಲಿ ಈ ವರ್ಷನಾದ್ರೂ ನಿಮ್ಮಪ್ಪ ಇದ್ದಾನೇನೋ?"

"ಇಲ್ಲ ಅಮ್ಮಾ. ಅದು ಪಟ್ಟಣದಲ್ಲಿ ಅಚ್ಚಾಗೋದು."

"ಓದೋನು ನೀನಲ್ವಾ? ಮುಂದಿನ ವರ್ಷ ನಾನಿರಲ್ಲ. ಒಂದ್ಸಲ ಓದಿಬಿಡು. ಆ ಓರೊಜ್‌ನ ಮಗನ ಕಿವಿಗೆ ಬೀಳಲಿ."

ಶಾಲೆಯಲ್ಲಿ ಅಂದು ಮೊಳೆ ಹೊಡೆಯುವ ಸದ್ದು. ಜೊಲ್ಚುಬೆಕ್ ತನ್ನಪ್ಪನ ಫೋಟೋ ತೂಗುಹಾಕಿಸುತ್ತಿದ್ದ. ತುರ್ದಾಕುನ್ ನಿಂತು ಅದನ್ನೇ ದಿಟ್ಟಿಸಿದ.

"ಏನೋ ಮಸಿಮುಖ, ಏನು ನೋಡ್ತೀಯ? ಹಾಳೇಲಿ ಇದ್ದಷ್ಟು ಓದು. ಒಂದಕ್ಷರ ಜಾಸ್ತಿ ಆದ್ರೂ ಬಾಯ್ಲರಿನ ಕೀಲಿ ಇಟ್ಟು ನಡಿ."

ತುರ್ದಾಕುನ್ ಹಾಳೆ ಹಿಡಿದು ಅಂಗಳಕ್ಕೆ ನಡೆದ. ಮನೆಗೆ ಬರುತ್ತಿದ್ದದ್ದು ಅವನ ಸಂಬಳವೊಂದೇ.

ಮಕ್ಕಳು ಸಾಲಾಗಿ ನಿಂತರು. ಅವನು ಓದಿದ: "ಈ ದಿನ ಮನುಷ್ಯ ಮೊದಲ ಬಾರಿಗೆ ಆಕಾಶದಾಚೆ ಹೋದ." ಮಕ್ಕಳು ಚಪ್ಪಾಳೆ ತಟ್ಟಿದರು. ಅವನು ಹಾಳೆ ಇಳಿಸಿದ. ದನಿ ಇಳಿಸಲಿಲ್ಲ.

"ಈ ದಿನ ನಮ್ಮ ಘಾಟೀಲಿ ನಾಲ್ಕು ಜನ ಸತ್ರು. ಮಧ್ಯಾಹ್ನದವರೆಗೂ ಬದುಕಿದ್ರು, ಕೂಗ್ತಿದ್ರು. ಊರಲ್ಲಿ ಹನ್ನೆರಡು ಕುದುರೆ ಇದ್ವು. ಒಂದೂ ಹೋಗ್ಲಿಲ್ಲ."

ನಾಲ್ವರ ಹೆಸರನ್ನೂ ಹೇಳಿದ. ಕೊನೆಗೆ ಅಪ್ಪನದು.

ಜೊಲ್ಚುಬೆಕ್ ಬಂದು ಹಾಳೆ ಕಿತ್ತುಕೊಂಡ. "ಎಲ್ಲಿದೆ ಇದ್ರಲ್ಲಿ? ತೋರ್ಸು ಮಕ್ಕಳಿಗೆ!"

"ನಿಮ್ಮಪ್ಪ ಬರೆಸ್ಲಿಲ್ಲ ಮೇಷ್ಟ್ರೇ. ಅದಕ್ಕೆ ಇಲ್ಲ."

"ನಮ್ಮಪ್ಪ ಈ ಊರಿಗೆ ಕರೆಂಟ್ ತಂದವನು ಕಣೋ!"

"ತಂದ. ಕುದುರೆ ಕಳಿಸ್ಲಿಲ್ಲ."

"ಕೀಲಿ ಇಡು!"

ಇಟ್ಟ.

ಮನೆಗೆ ಬಂದಾಗ ಬುಬುಶ್ ಗೋಡೆಗೊರಗಿ ಕೂತು ಹಿಟ್ಟು ನಾದುತ್ತಿದ್ದಳು. ಬೆರಳುಗಳಲ್ಲಿ ಬಲವಿರಲಿಲ್ಲ.

"ಓದಿದ್ಯಾ?"

"ಓದ್ದೆ."

"ಅವನೇನಂದ?"

"ಕೆಲಸದಿಂದ ತೆಗೆದ."

ಬುಬುಶ್ ಹಿಟ್ಟಿನ ಪಾತ್ರೆಯನ್ನು ಮಗನ ಕಡೆ ತಳ್ಳಿದಳು.

"ಹಂಗಾದ್ರೆ ಸರಿಯಾಗೇ ಕೇಳಿಸ್ಕೊಂಡಿದ್ದಾನೆ. ಎಣ್ಣೆ ಇಡು."