ಬಸ್ ನಿಲ್ದಾಣದ ಸ್ಟಾನಾ ಸಿಗರೇಟು ಬಿಟ್ಟದ್ದು

ಉಜಿತ್ಸೆ ಊರಿನಲ್ಲಿ ಸ್ಟಾನಾಳ ದನಿ ಕೇಳದವರಿರಲಿಲ್ಲ. ಮುಖ ನೋಡಿದವರು ಕಡಿಮೆ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ಹಿಂದೆ ಒಂದು ಪುಟ್ಟ ಕೋಣೆಯಿದೆ. ಅಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಗಂಡಸಿನದೋ ಹೆಂಗಸಿನದೋ ಎಂದು ತಿಳಿಯದಂಥ ದಪ್ಪ, ಒರಟು ದನಿ. ಜಲ್ಲಿ ಹಾಸಿದ ರಸ್ತೆಯ ಮೇಲೆ ಟಯರು ಹರಿದ ಹಾಗೆ. ಬೆಲ್‌ಗ್ರೇಡಿನ ಬಸ್ಸು ಓಡಿಸುವ ನಾನು, ಆ ದನಿ ನನ್ನ ಬಸ್ಸಿನ ಹೆಸರು ಕೂಗುವವರೆಗೆ ಎಂಜಿನ್ ಶುರುಮಾಡುತ್ತಿರಲಿಲ್ಲ.

ಸ್ಟಾನಾ ತುಂಬ ದಪ್ಪಗಿದ್ದಳು. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ, ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ ಒಬ್ಬಳೇ ಇದ್ದಳು. ಬೆಳಿಗ್ಗೆ ಕೆಲಸಕ್ಕೆ ಬರುವಾಗ ಬೇಕರಿಯಿಂದ ಲೆಪಿನ್ಯ ತರುತ್ತಿದ್ದಳು: ರೊಟ್ಟಿಯನ್ನು ಸೀಳಿ, ಕೆನೆಯನ್ನೂ ಮೊಟ್ಟೆಯನ್ನೂ ಹುರಿದ ಮಾಂಸದ ಜಿಡ್ಡನ್ನೂ ಸುರಿದು ಬೇಯಿಸಿದ್ದು. ಅದನ್ನು ತಿಂದು ನಿಲ್ದಾಣದ ಹಿತ್ತಿಲಿನ ಕಟ್ಟೆಯ ಮೇಲೆ ಕೂತರೆ, ಪಕ್ಕಕ್ಕೆ ಟಿಕೆಟ್ ಕೌಂಟರಿನ ರಾದೊಯ್ಕಾ ಬಂದು ಕೂರುತ್ತಿದ್ದಳು. ಇಬ್ಬರೂ ಒಂದೇ ಬೆಂಕಿಯಲ್ಲಿ ಸಿಗರೇಟು ಹಚ್ಚುತ್ತಿದ್ದರು. ಬಸ್ಸಿಗೂ ಬಸ್ಸಿಗೂ ನಡುವೆ ಬಿಡುವಾದಾಗಲೆಲ್ಲ ಅವರನ್ನು ಆ ಕಟ್ಟೆಯ ಮೇಲೆಯೇ ನೋಡುತ್ತಿದ್ದೆವು. ಬಸ್ಸು ತೊಳೆಯುವವರು ಅವರನ್ನು ‘ಚಿಮಣಿಗಳು’ ಎನ್ನುತ್ತಿದ್ದರು.

ಒಂದು ಶರತ್ಕಾಲದಲ್ಲಿ ಸ್ಟಾನಾಳಿಗೆ ಮೆಟ್ಟಿಲು ಹತ್ತುವುದೇ ಆಗದಂತಾಯಿತು. ಎರಡನೆಯ ಮಹಡಿಯಲ್ಲಿ ಕೂತು, ಮಂಡಿ ಹಿಡಿದುಕೊಂಡು ಅತ್ತಳಂತೆ. ಊರಿನ ವೈದ್ಯರು, ಹೊಟ್ಟೆಯನ್ನು ಚಿಕ್ಕದು ಮಾಡುವ ಆಪರೇಷನ್ನಿಗೆ ಬೆಲ್‌ಗ್ರೇಡಿಗೆ ಬರೆದುಕೊಟ್ಟರು. ಹೋಗುವಾಗ ನನ್ನ ಬಸ್ಸಿನಲ್ಲೇ ಬಂದಳು. ಬರುವಾಗ ನನ್ನ ಹಿಂದಿನ ಎರಡು ಸೀಟುಗಳಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದಳು.

ಶಸ್ತ್ರವೈದ್ಯ ಒಬ್ಬ ಸಣ್ಣ ವಯಸ್ಸಿನವನು. ತೂಕದ ಬಗ್ಗೆ ಒಂದು ಮಾತೂ ಆಡದೆ ಮೊದಲು ಅವಳ ಬೆರಳುಗಳ ಹಳದಿ ಕಲೆ ನೋಡಿದನಂತೆ.

“ಅಮ್ಮಾ, ಕತ್ತರಿಸಿ ಹೊಲಿಯೋದು ನನ್ನ ಕೆಲಸ. ಹೊಲಿದದ್ದು ಕೂಡಿಕೊಳ್ಳೋದು ನಿಮ್ಮ ರಕ್ತದ ಕೆಲಸ. ರಕ್ತದಲ್ಲಿ ಹೊಗೆ ಇದ್ರೆ ಅದು ಕೂಡಲ್ಲ. ಪೂರ್ತಿ ಬಿಟ್ಟು ಬನ್ನಿ. ಪರೀಕ್ಷೆ ಮಾಡಿಸ್ತೀನಿ, ಸುಳ್ಳು ನಡೆಯಲ್ಲ.”

“ನೋಡು ವುಕೊಮಾನ್,” ಎಂದಳು ನನಗೆ, “ಊಟ ಬಿಡು ಅಂತಾನೆ ಅಂದ್ಕೊಂಡು ಹೋದೆ. ಇವನು ರಾದೊಯ್ಕಾನ್ನ ಬಿಡು ಅಂದ ಹಾಗಾಯ್ತು.”

ನಾನು ನಕ್ಕೆ. ಅವಳು ನಗಲಿಲ್ಲ.

ಬಿಟ್ಟಳು. ಮೊದಲ ವಾರ ಕ್ರಾಲ್ಯೆವೊ ಬಸ್ಸನ್ನು ನೋವಿಸಾದ್ ಬಸ್ಸೆಂದು ಕೂಗಿದಳು, ಜನ ಒಬ್ಬರ ಮೇಲೊಬ್ಬರು ಬಿದ್ದು ಓಡಾಡಿದರು. ಕಟ್ಟೆಯ ಕಡೆ ಹೋದರೆ ಸೇದಿಬಿಡುತ್ತೇನೆಂಬ ಭಯಕ್ಕೆ ಬಿಡುವಿನಲ್ಲೂ ಕೋಣೆಯಲ್ಲೇ ಕೂತಳು. ರಾದೊಯ್ಕಾ ಬಾಗಿಲಿಗೆ ಬಂದು ನಿಂತಳು.

“ಏನೇ, ಈಗ ನಾವು ನಿಂಗೆ ನಾರ್ತೀವಾ?”

“ಹಾಗಲ್ಲ ಕಣೇ. ಆ ವಾಸನೆ ಬಂದ್ರೆ ತಡ್ಕೊಳ್ಳೋಕಾಗಲ್ಲ. ಒಳಗೇ ಬಾ, ಕಾಫಿ ಮಾಡ್ತೀನಿ.”

ರಾದೊಯ್ಕಾ ಬಂದು ಕೂತಳು. ಕಾಫಿ ಕುಡಿದಳು. ಕೈಗಳನ್ನು ಮಡಿಲಲ್ಲಿಟ್ಟಳು, ಮೇಜಿನ ಮೇಲಿಟ್ಟಳು, ಮತ್ತೆ ಮಡಿಲಲ್ಲಿಟ್ಟಳು. “ಚಳಿ ಶುರುವಾಯ್ತು,” ಎಂದಳು. “ಹೌದು,” ಎಂದಳು ಸ್ಟಾನಾ. ಅಷ್ಟಾದ ಮೇಲೆ ರಾದೊಯ್ಕಾ ಎದ್ದು ಹೊರಗೆ ಹೋದಳು. ಕಿಟಕಿಯ ಗಾಜಿನಾಚೆ ಅವಳು ಕಟ್ಟೆಯ ಮೇಲೆ ಒಬ್ಬಳೇ ಸೇದುವುದು ಕಾಣುತ್ತಿತ್ತು.

ಆಮೇಲೆ ಯಾರೂ ಊಹಿಸದ ಇನ್ನೊಂದು ಸಂಗತಿ ನಡೆಯಿತು. ವಾರಗಳು ಕಳೆದಂತೆ ಸ್ಟಾನಾಳ ದನಿ ತಿಳಿಯಾಗತೊಡಗಿತು. ಒರಟು ಕರಗಿ, ತೆಳ್ಳಗಿನ ಹೆಂಗಸಿನ ದನಿಯೊಂದು ಹೊರಬಂತು. ನಾನೇ ಒಂದು ಬೆಳಿಗ್ಗೆ ಯಾರೋ ಹೊಸಬಳು ಸೇರಿದ್ದಾಳೆಂದುಕೊಂಡೆ. ಜ್ಲಾತಿಬೋರ್ ಬೆಟ್ಟದ ಕಡೆಯ ಒಬ್ಬ ಅಜ್ಜಿ ಕೌಂಟರಿಗೆ ಬಂದು ಕೇಳಿದಳು:

“ಆ ಗಡಸು ಗಂಟಲಿನವಳು ಎಲ್ಲಿ? ಸತ್ತುಹೋದ್ಲಾ?”

ರಾದೊಯ್ಕಾ ಒಳಗೆ ತಿರುಗಿ, “ಸ್ಟಾನಾ, ನೀನು ಸತ್ತಿದೀಯಂತೆ, ಬಾ ಇಲ್ಲಿ!” ಎಂದು ಕೂಗಿದಳು.

ಸ್ಟಾನಾ ಬಂದಳು. “ಅಜ್ಜಿ, ನಾನೇ ಅವಳು.”

ಅಜ್ಜಿ ಮೇಲಿಂದ ಕೆಳಗೆ ನೋಡಿದಳು. “ನೀನಲ್ಲ ಬಿಡು ಮಗಳೇ. ಅವಳ ದನಿ ಕೇಳಿದ್ರೆ ಮನೆಯವರು ಕರೆದ ಹಾಗಿರ್ತಿತ್ತು. ಚರ್ಚಿಗೆ ಹೋದಾಗ ಅವಳ ಹೆಸರಲ್ಲಿ ಒಂದು ಮೇಣದ ಬತ್ತಿ ಹಚ್ತೀನಿ. ಹೆಸರೇನು ಅವಳದು?”

“ಸ್ಟಾನಾ,” ಎಂದಳು ಸ್ಟಾನಾ.

ಕೌಂಟರಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅವಳೂ ನಕ್ಕಳು. ಆದರೆ ಆಮೇಲೆ ಕೋಣೆಗೆ ಹೋಗಿ ಬಹಳ ಹೊತ್ತು ಮೈಕನ್ನು ಮುಟ್ಟಲಿಲ್ಲ. ನನ್ನ ಬಸ್ಸು ತಡವಾಗಿ ಹೊರಟಿತು.

ಡಿಸೆಂಬರಿನಲ್ಲಿ ಸ್ಟಾನಾಳ ಮನೆತನವನ್ನು ಕಾಯುವ ಸಂತ ನಿಕೋಲನ ಹಬ್ಬ ಬಂತು. ಆ ದಿನ ಯಾರನ್ನೂ ಕರೆಯುವ ಹಾಗಿಲ್ಲ, ನೆನಪಿಟ್ಟುಕೊಂಡವರು ತಾವೇ ಬರಬೇಕು. ಸ್ಟಾನಾ ದೊಡ್ಡ ಮೇಣದ ಬತ್ತಿ ಹಚ್ಚಿ, ಮೀನು ಹುರಿದು, ಅವರೆಕಾಳು ಬೇಯಿಸಿ, ಗೋಧಿಯ ಸಿಹಿ ಮಾಡಿ ಕಾದಳು. ತಾಯಿ ಇದ್ದಾಗ ಮನೆಯಲ್ಲಿ ಕುರ್ಚಿ ಸಾಲುತ್ತಿರಲಿಲ್ಲ. ಈ ಸಲ ನಾನೂ ನನ್ನ ಹೆಂಡತಿಯೂ ಹೋದೆವು, ಕೆಳಮನೆಯ ಮುದುಕ ಬಂದ, ಕತ್ತಲಾಗುವ ಮುಂಚೆ ರಾದೊಯ್ಕಾ ಬಂದಳು. ಪ್ಲಮ್ ಸಾರಾಯಿ ಕುಡಿದೆವು. ಉಂಡಾದ ಮೇಲೆ ರಾದೊಯ್ಕಾ ಪ್ಯಾಕೆಟ್ಟು ಹಿಡಿದು ಬಾಲ್ಕನಿಗೆ ಹೋದಳು. ಸ್ವಲ್ಪ ಹೊತ್ತಿಗೆ ಸ್ಟಾನಾಳೂ ಹೋದಳು. ಬಾಗಿಲು ಹಾಕಿಕೊಂಡಿತು. ಅಷ್ಟು ದಿನಗಳ ಮೇಲೆ ಮೊದಲ ಬಾರಿಗೆ ಅವರಿಬ್ಬರ ನಗು ಕೇಳಿಸಿತು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಹಾಗೆ ನಗುವವರನ್ನು ಯಾರು ತಡೆಯುತ್ತಾರೆ?

ರಾದೊಯ್ಕಾ ಹೋಗುವಾಗ ಪ್ಯಾಕೆಟ್ಟು ಅಲ್ಲೇ ಉಳಿಯಿತು. ಸ್ಟಾನಾ ಅದನ್ನು ಸೇದಿ ಖಾಲಿ ಮಾಡಿದಳು.

ಅದೇ ವಾರ ಬೆಲ್‌ಗ್ರೇಡಿನಲ್ಲಿ ರಕ್ತಪರೀಕ್ಷೆ. ರಕ್ತದಲ್ಲಿ ಹೊಗೆ ಸಿಕ್ಕಿತು. ವೈದ್ಯ ಬೈಯಲಿಲ್ಲವಂತೆ. “ವಸಂತದಲ್ಲಿ ಬನ್ನಿ,” ಎಂದನಂತೆ ಅಷ್ಟೇ. ವಾಪಸು ಬರುವಾಗ ಅವಳು ನನ್ನ ಹಿಂದೆ ಕೂರದೆ ಬಸ್ಸಿನ ಕೊನೆಗೆ ಹೋಗಿ ಕೂತಳು. ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ನಾನು ಹತ್ತಿರ ಹೋದೆ.

“ಏಳಕ್ಕಾ, ಊರು ಬಂತು.”

“ಅವನು ಬೈದಿದ್ರೆ ಚೆನ್ನಾಗಿರ್ತಿತ್ತು ಕಣೋ,” ಎಂದಳು.

ಮರುದಿನ ರಾದೊಯ್ಕಾಳನ್ನು ಕರೆದು ವಿಷಯ ಹೇಳಿದಳು. ರಾದೊಯ್ಕಾಳ ಕಣ್ಣಲ್ಲಿ ನೀರು ಬಂತು. “ನನ್ನಿಂದಾಗಿ ಆಯ್ತು.”

“ನಿನ್ನಿಂದಲ್ಲ. ಆದ್ರೆ ಇನ್ನು ಮೇಲೆ ಸಿಗರೇಟಿಲ್ದೆ ಬರೋದಾದ್ರೆ ಬಾ. ಭಾನುವಾರ ಮನೆಗೆ ಬಾ. ಮಾತಾಡೋಣ.”

ರಾದೊಯ್ಕಾ ಮೂಗು ಒರೆಸಿಕೊಂಡು ಹೇಳಿದಳು: “ಏನ್ ಮಾತಾಡೋದೇ? ನಾವಿಬ್ರೂ ಯಾವತ್ತು ಮಾತಾಡಿದ್ವಿ? ಸೇದ್ತಾ ಕೂತಿರ್ತಿದ್ವಿ ಅಷ್ಟೆ.”

ಅದರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಇದ್ದದ್ದನ್ನು ಹೇಳಿದಳು. ಸ್ಟಾನಾ ನನಗೆ ಇದನ್ನು ಹೇಳುವಾಗಲೂ ಅವಳನ್ನು ದೂರಲಿಲ್ಲ. “ಅವಳ ಮಗಳ ಹೆಸರು ಗೊತ್ತು, ಮುಖ ಗೊತ್ತಿಲ್ಲ ನೋಡು,” ಎಂದಳು. ಭಾನುವಾರ ರಾದೊಯ್ಕಾ ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಕೌಂಟರಿನಲ್ಲಿ ಸಿಕ್ಕರೆ ಇಬ್ಬರೂ ಒಳ್ಳೆಯ ಮಾತಿನಲ್ಲೇ ಇದ್ದರು.

ಆ ಚಳಿಗಾಲ ಸ್ಟಾನಾ ಸೇದಲಿಲ್ಲ. ಸೇದಬೇಕೆನಿಸಿದಾಗ ತಾಯಿಯ ಪಿಂಗಾಣಿ ಲೋಟಗಳನ್ನು ಕಪಾಟಿನಿಂದ ತೆಗೆದು ತೊಳೆದು, ಒರೆಸಿ, ಮತ್ತೆ ಇಡುತ್ತಿದ್ದಳಂತೆ. ಲೋಟಗಳ ಮೇಲಿನ ಬಣ್ಣದ ಹೂವು ಅರ್ಧ ಅಳಿಸಿಹೋಯಿತು.

ವಸಂತದಲ್ಲಿ ರಕ್ತ ಶುದ್ಧವಿದೆಯೆಂದಾಯಿತು. ಆಪರೇಷನ್ನಿನ ದಿನ ನಾನೇ ಅವಳನ್ನು ಬೆಲ್‌ಗ್ರೇಡಿನಲ್ಲಿ ಇಳಿಸಿ, ಆಸ್ಪತ್ರೆಯ ಕಡೆಗೆ ಹೋಗುವ ಟ್ರಾಮಿಗೆ ಹತ್ತಿಸಿದೆ. ನನ್ನ ಬಸ್ಸಿಗೆ ವಾಪಸು ಹೊರಡುವ ಹೊತ್ತಾಗಿತ್ತು, ಜೊತೆಗೆ ಹೋಗಲಾಗಲಿಲ್ಲ. ಒಳಗೆ ನರ್ಸ್ ಕೇಳಿದಳಂತೆ:

“ನಿಮ್ಮನ್ನ ಕರ್ಕೊಂಡು ಬಂದೋರು ಯಾರು?”

“ಬಸ್ಸು,” ಎಂದಳಂತೆ ಸ್ಟಾನಾ.

ನರ್ಸ್ ತಮಾಷೆಯೆಂದು ತಿಳಿದು ನಕ್ಕಳು. ಆಮೇಲೆ ಜೊತೆಗೆ ಯಾರೂ ಇಲ್ಲವೆಂದು ಅರ್ಥವಾಗಿ, ಅರಿವಳಿಕೆ ಕೊಡುವವರೆಗೂ ಅವಳ ಕೈ ಹಿಡಿದುಕೊಂಡೇ ನಿಂತಳಂತೆ. ಅದನ್ನು ಹೇಳುವಾಗ ಸ್ಟಾನಾ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು.

ಹೊಲಿಗೆ ಚೆನ್ನಾಗಿ ಕೂಡಿಕೊಂಡಿತು. ನಾಲ್ಕು ಚಮಚ ಸಾರು ಕುಡಿದರೆ ಹೊಟ್ಟೆ ತುಂಬುತ್ತಿತ್ತು. ಈಗ ಬೇಕರಿಯವನೂ ಅವಳನ್ನು ಕಾಯುವುದು ಬಿಟ್ಟ. ಬೇಸಿಗೆಯ ಹೊತ್ತಿಗೆ ಅವಳ ಬಟ್ಟೆಗಳು ನೇತಾಡತೊಡಗಿದವು. ಮೂರು ಮಹಡಿಯನ್ನೂ ನಿಲ್ಲದೆ ಹತ್ತಿದ ದಿನ ಯಾರಿಗಾದರೂ ಹೇಳಬೇಕೆನಿಸಿ, ಕೆಳಮನೆಯ ಮುದುಕನಿಗೆ ಹೇಳಲು ಮತ್ತೆ ಇಳಿದಳಂತೆ. ಅವನಿಗೆ ಕಿವಿ ಕೇಳಿಸುವುದಿಲ್ಲ. “ಬಂದೆಯಾ, ಒಳ್ಳೇದು,” ಎಂದನಂತೆ.

ಜುಲೈ ತಿಂಗಳ ಒಂದು ಮಧ್ಯಾಹ್ನ ನಾನು ಮಕ್ಕಳ ಜೊತೆ ಈಜಲು ನದೀತೀರಕ್ಕೆ ಹೋಗಿದ್ದೆ. ಸ್ಟಾನಾ ಕಲ್ಲಿನ ಮೇಲೆ ಕೂತು ಕಾಲುಗಳನ್ನು ನೀರಿನಲ್ಲಿ ಇಳಿಬಿಟ್ಟಿದ್ದಳು. ಹತ್ತಿರ ಹೋಗೋಣವೆಂದುಕೊಳ್ಳುವಷ್ಟರಲ್ಲಿ ಅವಳ ವಯಸ್ಸಿನ ಹೆಂಗಸೊಬ್ಬಳು ತುಟಿಯಲ್ಲಿ ಸಿಗರೇಟಿಟ್ಟುಕೊಂಡು ಅವಳ ಮುಂದೆ ಬಾಗಿದಳು.

“ಬೆಂಕಿ ಇದೆಯೇನಮ್ಮಾ?”

“ಇಲ್ಲ,” ಎಂದಳು ಸ್ಟಾನಾ. ಮತ್ತೆ, “ಕೂತ್ಕೊಳ್ಳಿ ಬೇಕಾದ್ರೆ, ಇಲ್ಲಿ ನೆರಳಿದೆ,” ಎಂದಳು.

“ಅಯ್ಯೋ, ಬೇಡ ಬೇಡ,” ಎಂದು ಆ ಹೆಂಗಸು ಮುಂದಿನ ಕಲ್ಲಿನವರ ಬಳಿಗೆ ಹೋದಳು. ಅಲ್ಲಿ ಬೆಂಕಿ ಸಿಕ್ಕಿತು, ಅಲ್ಲೇ ಕೂತಳು.

ಸ್ಟಾನಾ ಸ್ವಲ್ಪ ಹೊತ್ತು ಅತ್ತ ನೋಡಿದಳು. ಆಮೇಲೆ ಈಜುಡುಪು ಸರಿಮಾಡಿಕೊಂಡು ಕಲ್ಲಿನಿಂದ ಇಳಿದು, ಮೆಲ್ಲಗೆ, ಉಳಿದವರು ಈಜುತ್ತಿದ್ದ ಎದೆಮಟ್ಟದ ನೀರಿಗೆ ನಡೆದು ಹೋದಳು.