ತೆರೆಯ ಅಂಚಿನಲ್ಲಿದ್ದ ಕೈ

“ಅಲ್ಲಾ ಮೇಷ್ಟ್ರೇ, ಟೋಪಿಯೋರ ಎಸ್ರೆಲ್ಲಾ ಏಳ್ಬುಟ್ರಿ. ನೀರು ಉಯ್ತಾ ಇರೋ ಆ ಕೈ ಯಾರ್ದು ಅಂತ ಏಳ್ನೇ ಇಲ್ವಲ್ಲ?”

ನಲವತ್ತೇಳನೇ ಇಸವಿಯಲ್ಲಿ, ಮದ್ದೂರಿನ ಟೆಂಟ್ ಸಿನಿಮಾದಲ್ಲಿ ಹೆಂಗಸರು ಕೂರುವ ಕಡೆಯಿಂದ ಈ ಪ್ರಶ್ನೆ ಬಂತು. ಕೇಳಿದವರು ಬಳೆ ಮಾರುವ ಮೆಹಬೂಬಮ್ಮ. ಸ್ವಾತಂತ್ರ್ಯ ಹೋರಾಟದ ಆ ಚಿತ್ರದ ಮಾತೆಲ್ಲ ಇಂಗ್ಲಿಷಿನಲ್ಲಿತ್ತು. ತೆರೆಯ ಪಕ್ಕದಲ್ಲಿ ನಿಂತು, ಅದರಲ್ಲಿ ಬಂದವರನ್ನು ಕೋಲಿನಿಂದ ತೋರಿಸುತ್ತ ಕನ್ನಡದಲ್ಲಿ ವಿವರಿಸುವುದು ನನ್ನ ಕೆಲಸ.

ತೆರೆಯತ್ತ ತಿರುಗಿ ನೋಡಿದೆ. ಗಾಂಧಿ ಟೋಪಿ ತೊಟ್ಟ ಮೆರವಣಿಗೆಯ ಮುಖಂಡರು ಬೊಗಸೆಯೊಡ್ಡಿ ನೀರು ಕುಡಿಯುತ್ತಿದ್ದರು. ಅಂಚಿನಲ್ಲಿ ಬಿಂದಿಗೆ ಬಗ್ಗಿಸಿದ ಹೆಣ್ಣಿನ ಕೈಯೊಂದು ಮೊಣಕೈವರೆಗೆ ಮಾತ್ರ ಕಾಣುತ್ತಿತ್ತು, ಮುಖವೇ ಇರಲಿಲ್ಲ. ಮಂಡ್ಯದಲ್ಲಿ ವಾರವಿಡೀ ಇದೇ ಚಿತ್ರ ವಿವರಿಸಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

“ಗೊತ್ತಿಲ್ವಲ್ಲಮ್ಮ” ಎಂದೆ.

“ದಿನಾ ಕೈ ನೋಡೋಳು ಕಣಪ್ಪ ನಾನು. ಬಳೆ ಎಲ್ಲಾ ಒಡ್ದು ಎರಡೇ ಉಳ್ದವೆ, ಅದು ಗೆಯ್ಯೋ ಕೈ. ಎಸ್ರು ಗೊತ್ತಿಲ್ದಿದ್ರೆ ಬುಡಿ, ಕೋಲಲ್ಲಾದ್ರೂ ತೋರ್ಸಿ.”

ಮುಂದೆ ಮಳವಳ್ಳಿಗೆ ಹೋದಾಗ, ಅಲ್ಲಿನ ಮೊದಲ ಆಟದಲ್ಲಿ ಆ ದೃಶ್ಯ ಬಂದಾಗ, ಮುಖಂಡರಿಗಿಂತ ಮೊದಲು ಆ ಕೈಗೆ ಕೋಲು ತೋರಿಸಿದೆ. “ನೀರು ಕೊಟ್ಟ ಈ ತಾಯಿಯ ಹೆಸರು ನನಗೆ ಗೊತ್ತಿಲ್ಲ” ಎಂದೆ. ಹೆಂಗಸರ ಕಡೆಯಿಂದ ಯಾರೋ ತಮ್ಮೂರ ಮೆರವಣಿಗೆಗೆ ನೀರು ಹೊತ್ತವಳ ಹೆಸರು ಕೂಗಿದರು: “ನಿಂಗಮ್ಮ!” ಹಿಂದೆಯೇ ಇನ್ನೊಬ್ಬರು, “ನಮ್ಮ ಫಾತಿಮಾಬಿ!” ಮತ್ತೊಂದು ಮೂಲೆಯಿಂದ, “ಸಾಕವ್ವ!”

ಹೆಸರುಗಳು ನಿಲ್ಲಲೇ ಇಲ್ಲ. ಅಂದು ಚಿತ್ರದ ಉಳಿದ ಭಾಗಕ್ಕೆ ನಾನು ಹೇಳಿದ ಒಂದು ಮಾತೂ ಯಾರಿಗೂ ಕೇಳಿಸಲಿಲ್ಲ. ನನ್ನ ವಿವರಣೆ ಅಷ್ಟು ಚೆನ್ನಾಗಿ ಮತ್ತೆಂದೂ ಆಗಲಿಲ್ಲ.