ಖಾಲಿ ಟ್ಯಾಂಕಿನಲ್ಲಿ ಕೇಳಿದ ನೀರು

ಇಂಥದ್ದನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ವಿಜ್ಞಾನ ಕಲಿಸಿದವಳು. ಪ್ರತಿಯೊಂದು ಸದ್ದಿಗೂ ಕಾರಣ ಇರುತ್ತದೆ, ಸಿಗದಿದ್ದರೆ ಹುಡುಕಿದವರೇ ಸೋಮಾರಿಗಳು ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಈ ಒಂದು ಸದ್ದಿನ ಕಾರಣವನ್ನು ನಾಲ್ಕು ವರ್ಷದಿಂದ ಹುಡುಕುತ್ತಿದ್ದೇನೆ. ನೀವು ನಂಬಲೇಬೇಕೆಂದೇನೂ ಇಲ್ಲ.

ನನ್ನ ಅಣ್ಣ ಮುಂಬೈಯ ಹೋಟೆಲುಗಳಲ್ಲಿ ಅಡುಗೆ ಮಾಡಿ ಬ್ರಹ್ಮಾವರಕ್ಕೆ ಮರಳಿದವನು. ಸುಮ್ಮನೆ ಕೂರಲಾರದೆ ಹಳೆಯ ವ್ಯಾನೊಂದನ್ನು ಕೊಂಡು, ಸೀಟು ಕಿತ್ತು, ಎರಡು ಮಂಚ, ಗ್ಯಾಸ್ ಒಲೆ, ಸಿಂಕು, ಅದರಡಿ ನೀರಿನ ಟ್ಯಾಂಕು ಕೂರಿಸಿದ. ಅವನೂ ಒಂಟಿ, ನಾನೂ ಒಂಟಿ. ಮನಸ್ಸಾದಾಗ ಹೊರಡುತ್ತಿದ್ದೆವು.

ಆ ಸಲ ಬೈಂದೂರಿನ ಹತ್ತಿರ, ಕಡಲ ದಂಡೆಯ ಗಾಳಿಮರಗಳ ನೆರಳಲ್ಲಿ ಗಾಡಿ ನಿಲ್ಲಿಸಿದ್ದೆವು. ಟ್ಯಾಂಕಿನ ನೀರು ಪಾಚಿ ವಾಸನೆ ಹೊಡೆಯುತ್ತಿತ್ತು. ಅಣ್ಣ ಬೆಳಿಗ್ಗೆಯೇ ಬ್ಲೀಚಿಂಗ್ ಪುಡಿ ಹಾಕಿ ತೊಳೆದು, ಕೊನೆಯ ಹನಿಯವರೆಗೆ ಬಸಿದು, ಒಣಗಲೆಂದು ಮುಚ್ಚಳ ತೆಗೆದಿಟ್ಟ. ನಲ್ಲಿಗೆ ನೀರೆತ್ತುವ ಪಂಪಿನ ವೈರನ್ನೂ ಬಿಚ್ಚಿದ. ಮಧ್ಯಾಹ್ನದ ಊಟವಾದ ಮೇಲೆ ಕ್ಯಾನು ಹಿಡಿದು ರಸ್ತೆಯಾಚೆಯ ಮನೆಯ ಬಾವಿಗೆ ಹೊರಟ.

"ಹೆಣೆ, ನೀರ್ ತಕಂಡ್ ಬತ್ತೆ. ನೀ ಒಂಚೂರ್ ಮನಿಕೋ" ಎಂದ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಸಲಿಗೆಯಿಂದ ಕರೆಯುವುದು 'ಹೆಣೆ' ಎಂದೇ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಸಿಲಿಂಡರ್ ಇಟ್ಟ ಪೆಟ್ಟಿಗೆಯ ತಳದಲ್ಲಿ ಅಣ್ಣ ಒಂದು ಕಿಂಡಿ ಕೊರೆದಿದ್ದ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಕೆಳಗಿಳಿದು ಹೊರಗೆ ಹೋಗಲಿ ಎಂದು. ಅದರಿಂದ ಮರಳು ಬರುತ್ತದೆಂದು ನಾನು ಹಿಂದಿನ ದಿನ ಹಳೇ ಬಟ್ಟೆ ತುರುಕಿದ್ದೆ. ಅವನಿಗೆ ಹೇಳಿರಲಿಲ್ಲ. ಅಡುಗೆ ಮುಗಿಸಿ ರೆಗ್ಯುಲೇಟರ್ ಆಫ್ ಮಾಡುವುದನ್ನೂ ಮರೆತೆ. ಗಾಳಿ ಜೋರಾಗಿತ್ತು, ಕಿಟಕಿ ಬಾಗಿಲು ಎಳೆದುಕೊಂಡು ಮಲಗಿದೆ.

ಗಾಳಿಮರಗಳ ಸುಯ್ಲು ನಿಧಾನಕ್ಕೆ ದೂರವಾಯಿತು. ಮಂಚ ಹೊಳೆಯಲ್ಲಿ ತೇಲುತ್ತಿದೆ, ಯಾರೋ ದಡದಿಂದ ಮೆಲ್ಲಗೆ ತಳ್ಳಿದ್ದಾರೆ ಅನ್ನಿಸಿತು. ಅಷ್ಟು ಹಿತವಾದ ನಿದ್ದೆ ನನಗೆ ಯಾವತ್ತೂ ಬಂದಿರಲಿಲ್ಲ. ಏಳುವ ಆಸೆಯೇ ಇರಲಿಲ್ಲ.

ಆಗ ಸಿಂಕಿನಲ್ಲಿ ನೀರು ಬೀಳತೊಡಗಿತು. ಮೊದಲು ತೆಳ್ಳಗೆ, ಆಮೇಲೆ ಸ್ಟೀಲಿಗೆ ಬಡಿಯುತ್ತ ರಭಸದಿಂದ. ನೀರು ಹಾಳಾಗುತ್ತಿದೆಯಲ್ಲ ಎಂಬ ಸಿಟ್ಟಿನಿಂದಲೇ ನಾನು ಎದ್ದದ್ದು. ಕಾಲು ನೆಲ ಮುಟ್ಟಿದ ಕೂಡಲೇ ಗ್ಯಾಸಿನ ವಾಸನೆ ಮೂಗಿಗೆ ಅಡರಿತು. ತಲೆ ತಿರುಗಿತು. ಹೇಗೋ ಬಾಗಿಲು ತಳ್ಳಿ ಹೊರಗಿನ ಮರಳಿನ ಮೇಲೆ ಬಿದ್ದೆ.

ಅಣ್ಣ ರಸ್ತೆ ದಾಟಿ ಬರಿಗೈಯಲ್ಲಿ, ಬೈಯುತ್ತಲೇ ಓಡಿ ಬರುತ್ತಿದ್ದ. "ಎಂತ ಹೆಣೆ, ನಲ್ಲಿ ಬಂದ್ ಮಾಡೂಕಾತಿಲ್ಯಾ? ಬಾವಿಕಟ್ಟಿವರಿಗೂ ಕೇಂತಿತ್ತ್!"

ಹತ್ತಿರ ಬಂದವನಿಗೆ ವಾಸನೆ ಹೊಡೆಯಿತು. ಹೆಗಲ ಮೇಲಿನ ಬೈರಾಸನ್ನು ಮೂಗಿಗೆ ಹಿಡಿದು ಒಳಗೆ ನುಗ್ಗಿ ಸಿಲಿಂಡರ್ ಬಂದ್ ಮಾಡಿದ, ಕಿಂಡಿಯ ಬಟ್ಟೆ ಕಿತ್ತೆಸೆದ, ಎಲ್ಲ ಬಾಗಿಲು ತೆರೆದಿಟ್ಟ. ಗ್ಯಾಸಿನ ಪೈಪು ರೆಗ್ಯುಲೇಟರಿಗೆ ಬಿಗಿದ ಕ್ಲಿಪ್ಪಿನ ಬಳಿ ಸೀಳಿಹೋಗಿತ್ತು.

ಬಹಳ ಹೊತ್ತಿನ ಮೇಲೆ, ಟ್ಯಾಂಕು ಬೆಳಿಗ್ಗೆಯೇ ಖಾಲಿಯಾಗಿದ್ದು ನೆನಪಾಗಿ, ಇಬ್ಬರೂ ಒಳಗೆ ಇಣುಕಿದೆವು. ಸಿಂಕು ಒಣಗಿತ್ತು, ತಳದಲ್ಲಿ ಮರಳಿನ ಪುಡಿ ಹಾಗೇ ಇತ್ತು. ಟ್ಯಾಂಕಿನಲ್ಲಿ ಕೈಯಾಡಿಸಿದೆ, ತೇವವೂ ಇಲ್ಲ. ಪಂಪಿನ ವೈರು ಬಿಚ್ಚಿಟ್ಟಂತೆಯೇ ನೇತಾಡುತ್ತಿತ್ತು. ಆ ಪಂಪು ನಿಜಕ್ಕೂ ತಿರುಗಿದ್ದರೆ ಅದರದೊಂದು ಕಿಡಿ ಸಾಕಿತ್ತು, ನಾನು ಉಳಿಯುತ್ತಿರಲಿಲ್ಲ.

ಮರುದಿನ ಹೆಮ್ಮಾಡಿಯಲ್ಲಿ ಹೊಸ ಪೈಪು ಹಾಕಿಸಿದೆವು. ಅಣ್ಣ ಅಲ್ಲಿ ಕೇಳಿದ, "ನಿಂಗೂ ಕೇಂಡಿತ್ತಾ?"

"ಹೌದು."

"ಯಾರಿಗೂ ಹೇಳ್ಬೇಡ ಮಾರಾಯ್ತಿ, ನಗಾಡ್ತ್ರ್."

ಗ್ಯಾಸಿನ ಮಂಪರಿನಲ್ಲಿ ಮಿದುಳು ಏನೇನೋ ಕೇಳಿಸುತ್ತದೆ ಎಂದು ನನ್ನ ಮಟ್ಟಿಗೆ ಒಪ್ಪಿಕೊಳ್ಳಬಲ್ಲೆ. ಆದರೆ ಅಣ್ಣ ನಿಂತದ್ದು ರಸ್ತೆಯಾಚೆ, ಕಡಲ ಗಾಳಿಯಲ್ಲಿ. ಕ್ಯಾನು ಅರ್ಧ ತುಂಬಿತ್ತಷ್ಟೇ. ಬಾವಿಕಟ್ಟೆಯ ಮೇಲೆ ಅದನ್ನು ಬಿಟ್ಟು, ನಾನು ಏಳುವ ಮೊದಲೇ ಅವನು ಓಡತೊಡಗಿದ್ದ.